ಗಲ್ಲೆಯ ಮೇಲಿನ ಪೆಪ್ಪರ್‌ಮಿಂಟ್ ಡಬ್ಬಿ

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಪಾರ್ಸೆಲ್ ಇನ್ನೆಷ್ಟು ಹೊತ್ತು ಎಂದು ಯಾರೋ ಕೇಳಿದ್ದಕ್ಕೆ ಗೋಡೆ ಗಡಿಯಾರ ನೋಡಿದ್ದೆ, ಅದಕ್ಕೇ ನೆನಪಿದೆ. ಆಗಲೇ ಗಲ್ಲೆಯಲ್ಲಿ ಕೂತಿದ್ದ ನನ್ನ ಗಂಡ, ಎದುರಿಗಿದ್ದ ಗಿರಾಕಿಗೆ "ಹೋಗು, ಆಚೆ ಹೋಗು!" ಎಂದು ಕೂಗಿದರು. ಅದೂ ಕನ್ನಡದಲ್ಲಿ. ಪುಣೆಯ ಖಡಕಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವರು ಗಿರಾಕಿಗಳ ಜೊತೆ ಮರಾಠಿ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ದನಿ ಎತ್ತಿದ್ದನ್ನೂ ಕೇಳಿಲ್ಲ.

ಆ ಗಿರಾಕಿ ಕಾರ್ಖಾನೆಯ ಕೆಲಸಗಾರ, ನಮ್ಮಲ್ಲೇ ದಿನವೂ ಊಟ. ಸಿಟ್ಟಾಗಲಿಲ್ಲ. "ಕಾಯ ಶೇಟ್, ದುಪಾರೀಚ್ ಘೇತಲೀ ಕಾ?" ಎಂದ. ಮಧ್ಯಾಹ್ನವೇ ಏರಿಸಿದಿರಾ ಎಂಬ ತಮಾಷೆ. ಹಿಂದೆ ನಿಂತವರೆಲ್ಲ ನಕ್ಕರು.

ನಾನು ನಗಲಿಲ್ಲ, ನಂಬಿದೆ. ಗಲ್ಲೆಯ ಹಿಂದೆ ಹೋಗಿ ಬಗ್ಗಿ ಅವರ ಬಾಯಿ ಮೂಸಿದೆ. ಈಗಲೂ ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಗಳಿಗೆ ಮತ್ತೆ ಮತ್ತೆ ಬರುತ್ತದೆ. ವಾಸನೆ ಇರಲಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಅಂಗಿಯ ಕಾಲರ್ ಒದ್ದೆಯಾಗಿತ್ತು. ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಹಾಗಾದರೆ ಕದ್ದು ಸಿಹಿ ತಿಂದಿದ್ದಾರೆ, ಶುಗರ್ ಏರಿದೆ ಎಂದು ಎರಡನೇ ತೀರ್ಮಾನಕ್ಕೆ ಬಂದೆ.

"ಎಂತ ತಿಂದಿರಿ? ನಿಜ ಹೇಳಿ."

ಅವರು ನನ್ನನ್ನು ಎಲ್ಲೋ ನೋಡಿದ ಮುಖ ಎಂಬಂತೆ ನೋಡಿದರು.

ಎರಡು ತಿಂಗಳಿಂದ ನನಗೆ ಅವರ ಮೇಲೆ ಅನುಮಾನವಿತ್ತು. ಬೆರಳಿಗೆ ಚುಚ್ಚಿ ನೋಡುವ ಯಂತ್ರ ಸಂಜೆ ಹೊತ್ತು ಯಾವಾಗಲೂ ಜಾಸ್ತಿ ತೋರಿಸುತ್ತಿತ್ತು. ನಾನು ಕೆಮಿಸ್ಟ್ರಿ ಓದಿದವಳು. ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಗಂಡನಿಗಿಂತ ಹೆಚ್ಚು ಆ ಪುಸ್ತಕವನ್ನೇ ನಂಬಿದ್ದೆ. ಒಗೆಯುವ ಮೊದಲು ಅಂಗಿಯ ಜೇಬು ತಡಕಿದರೆ ಪೆಪ್ಪರ್‌ಮಿಂಟಿನ ಕಾಗದ ಸಿಗುತ್ತಿತ್ತು. ಶೀರಾ ಮಾಡಿದ ದಿನ ಇವರ ಕೈಗೆ ಕೊಡಬೇಡಿ ಎಂದು ಅಡುಗೆಯವರಿಗೆ ತಾಕೀತು ಮಾಡಿದ್ದೆ. ಕೊನೆಗೆ, ಹಿಂದೆ ಚಿಲ್ಲರೆಯ ಬದಲು ಕೊಡಲು ಗಲ್ಲೆಯ ಮೇಲೆ ಇಡುತ್ತಿದ್ದ ಪೆಪ್ಪರ್‌ಮಿಂಟ್ ಡಬ್ಬಿಯನ್ನೇ ಒಂದು ಭಾನುವಾರ ಮನೆಗೆ ಎತ್ತಿಕೊಂಡು ಹೋದೆ.

"ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವುದು. ಇದು ಯಾರಿಗೆ?"

"ಇರಲಿ ಬಿಡು. ಮಕ್ಕಳು ಬಂದರೆ ಕೊಡಲಿಕ್ಕೆ."

"ಐವತ್ತೈದು ವರ್ಷದ ಮಕ್ಕಳಾ?"

ಅವರು ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದರು. ತಪ್ಪು ಒಪ್ಪಿಕೊಂಡರು ಎಂದುಕೊಂಡೆ. ಅದಾಗಿ ಮೂರನೇ ದಿನವೇ ಈ ಘಟನೆ.

ಅಡುಗೆಯವರು ಒಳಗಿನಿಂದ ಲೋಟ ಹಿಡಿದು ಬಂದರು. ಕುಂದಾಪುರದ ಕಡೆಯವರು, ನಮ್ಮ ಹೋಟೆಲು ಶುರುವಾದಾಗಿನಿಂದ ಇರುವವರು. ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಕುತ್ತಲೇ ಬಂದರು. ನಾನು ಅವರ ಮಣಿಕಟ್ಟು ಹಿಡಿದೆ.

"ನಿಮಗೆ ತಲೆ ಕೆಟ್ಟಿದೆಯಾ? ಇವರಿಗೆ ಸಕ್ಕರೆಯಾ?"

"ಮೂಸಿ ನೋಡಿದ್ದು ಸಾಕು ಅಕ್ಕ, ಕೈ ಬಿಡಿ. ಶುಗರ್ ಇಳಿದದ್ದು ಇದು. ನುಂಗುವಷ್ಟು ಎಚ್ಚರ ಇರುವಾಗಲೇ ಕೊಡಬೇಕು. ಎಚ್ಚರ ತಪ್ಪಿದ ಮೇಲೆ ಬಾಯಿಗೆ ಹನಿ ಹಾಕಲಿಕ್ಕೂ ಆಗುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ಹೋದ ತಿಂಗಳು ಎರಡು ಸಲ ಆಗಿದೆ. ನಿಮಗೆ ಹೇಳಬೇಡಿ ಅಂದಿದ್ದರು."

ಕೈ ಬಿಟ್ಟೆ. ಅವರು ಲೋಟವನ್ನು ಇವರ ತುಟಿಗೆ ಹಿಡಿದು ಕುಡಿಸಿದರು. ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದಿದ್ದರೆ? ಉತ್ತರ ಗೊತ್ತಿರುವುದರಿಂದಲೇ ಆ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ನನ್ನ ಗಂಡ "ಸಾಂಬಾರು ಮುಗೀತಾ?" ಎಂದು ಕೇಳಿದರು. ಅಷ್ಟರಲ್ಲಿ ತಮಾಷೆ ಮಾಡಿದ ಗಿರಾಕಿಯೇ ಓಡಿಹೋಗಿ ರಿಕ್ಷಾ ತಂದಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ಮಾತ್ರೆ ಎಷ್ಟು ಗಂಟೆಗೆ?"

"ಹನ್ನೆರಡಕ್ಕೆ. ಚೀಟಿಯಲ್ಲಿ ಬರೆದ ಹಾಗೆ, ಊಟಕ್ಕೆ ಅರ್ಧ ಗಂಟೆ ಮೊದಲು," ಎಂದೆ. ಆ ಹೊತ್ತಿಗೆ ದಿನವೂ ನೆನಪಿಸಿ, ತಗೊಂಡರು ಎಂದು ಬರೆದುಕೊಳ್ಳುವವಳು ನಾನೇ.

"ಊಟ?"

"ಗಿರಾಕಿಗಳದ್ದು ಮುಗಿದ ಮೇಲೆ," ಎಂದರು ಇವರು. ಗಿರಾಕಿಗಳೆಲ್ಲ ಉಂಡ ಮೇಲೆ ಯಜಮಾನ ಉಣ್ಣುವುದು. ನಮ್ಮ ಹೋಟೆಲು ಮನೆತನಗಳಲ್ಲಿ ಅದು ಹಾಗೇ. ಮಾವನವರೂ ಹಾಗೇ ಇದ್ದರು. ಕಾರ್ಖಾನೆಯ ಊಟದ ಗದ್ದಲ ಇಳಿದು ಇವರು ಎಲೆ ಮುಂದೆ ಕೂರುವಾಗ ಮೂರು ಗಂಟೆ.

"ಮಾತ್ರೆಗೆ ನಿಮ್ಮ ಗಿರಾಕಿಗಳ ಪರಿಚಯ ಇಲ್ಲ," ಎಂದರು ಡಾಕ್ಟರ್. "ಅದು ತನ್ನ ಹೊತ್ತಿಗೆ ಶುಗರ್ ಇಳಿಸುತ್ತದೆ."

ನಡುಕ ಬಂದಾಗ ಪೆಪ್ಪರ್‌ಮಿಂಟ್, ಮೂರಕ್ಕೆ ಹಸಿವು ತಡೆಯಲಾರದೆ ಎರಡರಷ್ಟು ಅನ್ನ. ಸಂಜೆಯ ಅಂಕಿ ಅಲ್ಲಿಂದ ಬಂದದ್ದು. ನಾನು ಕಳ್ಳನನ್ನು ಹಿಡಿಯುತ್ತೇನೆಂದು ಅವರ ಮದ್ದನ್ನೇ ಮನೆಗೆ ಹೊತ್ತೊಯ್ದಿದ್ದೆ. ಮಾತ್ರೆಯ ಪರಿಣಾಮ ಉಳಿದಿರುತ್ತದೆ, ಮತ್ತೆ ಇಳಿಯಬಹುದು ಎಂದು ಒಂದು ದಿನ ಅಲ್ಲೇ ಇರಿಸಿಕೊಂಡರು. ಮಾತ್ರೆ ಬದಲಾಯಿತು. ಹನ್ನೆರಡಕ್ಕೆ ಊಟ, ಹತ್ತಿರ ಗ್ಲೂಕೋಸ್ ಪುಡಿ, ಹೋಟೆಲಿನಲ್ಲೂ ಒಂದು ಯಂತ್ರ ಎಂದಾಯಿತು. ಗಿರಾಕಿಗಳ ಮುಂದೆ ಉಣ್ಣಲು ಅವರಿಗೆ ನಾಚಿಕೆ. ಮೊದಲ ದಿನ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ನನಗೆ ಮಾತ್ರ ನಿದ್ದೆ ಹೋಯಿತು. ಏನು ತಿಂದರು ಎಂಬ ಸಂಶಯದ ಜಾಗದಲ್ಲಿ ಏನು ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಬಂದು ಕೂತಿತು. ರಾತ್ರಿ ಎದ್ದೆದ್ದು ಅವರ ಕತ್ತಿನಲ್ಲಿ ಬೆವರಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.

"ಬದುಕಿದ್ದೇನೆ ಮಾರಾಯ್ತಿ, ಮಲಗು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೆಡ್‌ಮಾಸ್ಟರ ಹತ್ತಿರ ಹೊಟ್ಟೆನೋವು ಅಂದರೆ ನಂಬುತ್ತಾರಾ? ನೀನು ಮೊದಲು ಬಾಯಿ ತೆರೆಸಿ ನೋಡುವವಳು."

ಮೂರು ವಾರ ಕಳೆದ ಮೇಲೆ ಒಂದು ಗುರುವಾರ, ಸಂಜೆ ಐದಕ್ಕೆ ಹೋಟೆಲಿನಿಂದ ಫೋನ್ ಬಂತು. "ಕೈ ಸ್ವಲ್ಪ ನಡುಗಿತು. ಚುಚ್ಚಿ ನೋಡಿದೆ, ಅರವತ್ತೆಂಟು. ಗ್ಲೂಕೋಸ್ ಕುಡಿದಿದ್ದೇನೆ. ಹದಿನೈದು ನಿಮಿಷ ಬಿಟ್ಟು ಪುನಃ ನೋಡಿ ಹೇಳುತ್ತೇನೆ."

ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತೆ. ಮತ್ತೆ ಫೋನ್ ಬಂತು. "ನೂರಾ ನಾಲ್ಕು. ಈಗ ಇಡ್ಲಿ ತಿನ್ನುತ್ತಾ ಇದ್ದೇನೆ."

"ಅಡುಗೆಯವರಿಗೆ ಫೋನ್ ಕೊಡಿ."

ಅವರು ತಣ್ಣಗೆ, "ಕೊಡಬೇಕಾ?" ಎಂದರು.

ಕೇಳದೆಯೇ ಹೇಳಿದ್ದರು. ಮುಚ್ಚಿಡಬಹುದಾಗಿದ್ದನ್ನು ಮುಚ್ಚಿಟ್ಟಿರಲಿಲ್ಲ.

"ಬೇಡ, ತಿನ್ನಿ," ಎಂದೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಆ ರಾತ್ರಿ ಹತ್ತೂವರೆಗೆ ಮಲಗಿದವಳಿಗೆ ಎಚ್ಚರವಾಗುವಾಗ ಅವರು ಆಗಲೇ ಹೋಟೆಲಿಗೆ ಹೋಗಿದ್ದರು. ಕಿಟಕಿಯ ತುಂಬ ಬಿಸಿಲಿತ್ತು.