ಅಳಿಯನ ದುರ್ಬೀನು

ತವೆಂಗ್ವಾ ನನ್ನ ತಂಗಿ ಎಸ್ನಾತಳ ಗಂಡ. ಒಳ್ಳೆಯ ಮನುಷ್ಯ. ಇಷ್ಟು ಹೇಳಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ಆಂಗ್ವಾ ಹೊಳೆಯ ದಂಡೆಗೆ ಅವನು ಬಂದಾಗ ಹಣ ತೆತ್ತು ಬೇಟೆಯಾಡಲು ಬರುವ ಪರದೇಶದವರ ಶಿಬಿರದಲ್ಲಿ ಪಾತ್ರೆ ತೊಳೆಯುತ್ತಿದ್ದ. ನಾನು ಆಗಲೇ ಹೆಸರು ಮಾಡಿದ ಹೆಜ್ಜೆಗಾರ. ಪ್ರಾಣಿಯ ಹೆಜ್ಜೆ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವುದು ನನ್ನ ಕೆಲಸ. ಬಂದೂಕು ಹಿಡಿದವರು ನನ್ನ ಹಿಂದೆ. ಸಗಣಿ ನಿನ್ನೆಯದೋ ಇವತ್ತಿನದೋ ಎಂದು ಬೆರಳಿಟ್ಟು ತಿಳಿಯುವುದನ್ನು ಅವನಿಗೆ ಕಲಿಸಿದವನು ನಾನು. ಬೂದಿಯ ಚೀಲ ಕೊಡವಿ ಗಾಳಿಯ ದಿಕ್ಕು ನೋಡುವುದನ್ನು ಕಲಿಸಿದವನೂ ನಾನೇ. ಕಲಿತ. ತಂಗಿಯನ್ನು ಮದುವೆಯಾದ. ಆಮೇಲೆ ಬಂದವರನ್ನು ಬೇಟೆಗೆ ಕರೆದೊಯ್ಯುವ ಬೇಟೆಗಾರನ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಕೂತ. ಆ ಪರೀಕ್ಷೆಯಲ್ಲಿ ನಾನು ಎರಡು ಸಲ ಬಿದ್ದಿದ್ದೆ. ಅವನು ಮೊದಲ ಸಲಕ್ಕೇ ದಾಟಿಬಿಟ್ಟ. ಸುದ್ದಿ ಬಂದ ದಿನ ಶಿಬಿರದವರೆಲ್ಲ ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆಯೊಳಗೆ ಮಾತ್ರ ಧಗಧಗ ಉರಿಯುತ್ತಿತ್ತು.

ಒಂದೇ ಸಮಾಧಾನವೆಂದರೆ ನಮ್ಮ ಪದ್ಧತಿ. ನಮ್ಮಲ್ಲಿ ತಂಗಿಯ ಗಂಡನೆಂದರೆ ಇಡೀ ಮನೆಗೇ ಅಳಿಯ. ಹೆಂಡತಿಯ ಮನೆಯಲ್ಲಿ ಅವನು ಕುರ್ಚಿಯ ಮೇಲೆ ಕೂರುವಂತಿಲ್ಲ, ಅಂಗೈ ಬೊಗಸೆ ಮಾಡಿ ತಟ್ಟಿ ನಮಸ್ಕರಿಸಬೇಕು, ಸೌದೆ ಒಡೆಯಬೇಕು, ಕುರಿ ಸುಲಿಯಬೇಕು. ಹೆಂಡತಿಯ ಅಣ್ಣ ಹೇಳಿದ್ದಕ್ಕೆ ಎದುರಾಡುವಂತಿಲ್ಲ. ಶಿಬಿರದಲ್ಲಿ ಅವನಿಗೆ ಸಿಗುತ್ತಿದ್ದ ಮರ್ಯಾದೆಯನ್ನೆಲ್ಲ ನಾನು ಭಾನುವಾರ ಅಮ್ಮನ ಅಂಗಳದಲ್ಲಿ ವಸೂಲು ಮಾಡುತ್ತಿದ್ದೆ. "ಏನಪ್ಪಾ ಬೇಟೆಗಾರ, ಆ ಕೊಡಲಿ ಎತ್ತಕ್ಕೆ ಲೈಸೆನ್ಸ್ ಬೇಕಾ?" ಎನ್ನುತ್ತಿದ್ದೆ. ಅವನು ನಕ್ಕು ಕೊಡಲಿ ಎತ್ತುತ್ತಿದ್ದ. ಆ ನಗು ಕಂಡರೆ ನನಗೆ ಇನ್ನಷ್ಟು ಉರಿ.

ಲೈಸೆನ್ಸಿಗೆ ಇನ್ನೊಂದೇ ಮೆಟ್ಟಿಲು ಉಳಿದಿತ್ತು. ಹಿರಿಯ ಬೇಟೆಗಾರ ಪೆನ್ರೋಸನ ಕಣ್ಣೆದುರು ಒಂದು ಕಾಡೆಮ್ಮೆಯ ಬೇಟೆಯನ್ನು ತಾನೇ ಮುಂದೆ ನಿಂತು ಮುಗಿಸಬೇಕು, ಅವನು ಪುಸ್ತಕದಲ್ಲಿ ಸಹಿ ಹಾಕಬೇಕು. ಶಿಬಿರ ಕೊಟ್ಟ ದಪ್ಪ ಗುಂಡಿನ ಬಂದೂಕಿನ ನಳಿಗೆಯ ತುದಿಯಲ್ಲಿದ್ದ ಗುರಿಮಣಿ ಮುರಿದುಹೋಗಿತ್ತು. ಹಾಗಾಗಿ ಗುರಿ ಹಿಡಿಯಲು ಬಂದೂಕಿನ ಮೇಲೆ ದುರ್ಬೀನು ಕೂರಿಸಲೇಬೇಕಿತ್ತು. ಬಂದುಹೋದ ಬೇಟೆಗಾರರು ಬಿಟ್ಟ ಎರಡು ದುರ್ಬೀನುಗಳು ಪೆಟ್ಟಿಗೆಯಲ್ಲಿದ್ದವು. ಅವೆರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ತವೆಂಗ್ವಾ ಒಂದು ಭಾನುವಾರ ಅಮ್ಮನ ಅಂಗಳಕ್ಕೆ ಬಂದ. ನಾವು ಮೆಕ್ಕೆಜೋಳದ ಹಿಟ್ಟಿನ ಸದ್ಜಾ ಮುದ್ದೆ, ಒಣಮೀನು ತಿನ್ನುತ್ತಿದ್ದೆವು. ಅವನು ಚಾಪೆಯ ಅಂಚಿನಲ್ಲಿ ಕೂತು ಬಟ್ಟೆ ಬಿಚ್ಚಿದ.

"ಭಾವ, ನಂಗೆ ಈ ಚಿಕ್ಕದೇ ಸಾಕು ಅನ್ಸುತ್ತೆ. ನೀವೇನ್ ಹೇಳ್ತೀರಿ?"

ಚಿಕ್ಕದೇ ಸರಿ ಎಂದು ನನಗೂ ಗೊತ್ತಿತ್ತು. ನೋಡಲು ನೀರಿನ ಕೊಳವೆಯ ತುಂಡಿನ ಹಾಗಿತ್ತು, ಬಣ್ಣ ಕಿತ್ತುಹೋಗಿತ್ತು. ಆದರೆ ಅದರ ಹಿಗ್ಗಿಸುವ ಬಳೆಯನ್ನು ಪೂರ್ತಿ ಇಳಿಸಿದರೆ ಪ್ರಾಣಿ ಇದ್ದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಎರಡೂ ಕಣ್ಣು ತೆರೆದುಕೊಂಡೇ ಗುಂಡು ಹಾರಿಸಬಹುದು. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಜಾಗ ಇರುತ್ತಿತ್ತು, ಬಂದೂಕು ಒದ್ದರೂ ಹುಬ್ಬಿಗೆ ತಾಗದು. ದೊಡ್ಡದು ಹೊಳೆಯುತ್ತಿತ್ತು, ಮೇಲೆ ಮೂರು ತಿರುಗುಗುಂಡಿ. ಎಷ್ಟು ಇಳಿಸಿದರೂ ಆರು ಪಟ್ಟು ಹಿಗ್ಗಿಸಿಯೇ ತೋರಿಸುವಂಥದ್ದು. ಬಯಲಲ್ಲಿ ಜಿಂಕೆ ಹೊಡೆಯುವವರಿಗೆ ಸರಿ. ಪೊದೆಯೊಳಗೆ ಹದಿನೈದು ಹೆಜ್ಜೆ ದೂರದ ಕೋಣನನ್ನು ಅದರಲ್ಲಿ ನೋಡಿದರೆ ಕೋಣ ಕಾಣುವುದಿಲ್ಲ, ಕೂದಲು ಕಾಣುತ್ತದೆ.

"ದೊಡ್ಡದು ಹಾಕು," ಎಂದೆ.

"ಅಣ್ಣಾ, ಅದು ಭಾರ ಅಲ್ವಾ?" ಎಂದಳು ಎಸ್ನಾತ್.

"ಇಪ್ಪತ್ತು ವರ್ಷದಿಂದ ಕಾಡಲ್ಲಿ ನಡೀತಿರೋದು ನೀನಾ, ನಾನಾ?"

ಅಮ್ಮನೂ ತಲೆಯಾಡಿಸಿದಳು. "ಅವನಿಗೆ ಗೊತ್ತಪ್ಪ, ಅವನು ಹೇಳ್ದಂಗೆ ಮಾಡು."

ತವೆಂಗ್ವಾ ಆ ದುರ್ಬೀನನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಅಂಗೈ ತಟ್ಟಿ, "ಆಯ್ತು ಭಾವ, ದೊಡ್ಡವರು ಹೇಳಿದ ಮೇಲೆ ಮುಗೀತು," ಎಂದ.

ಅವನು ಸಾಯಲಿ ಎಂದು ನಾನು ಬಯಸಲಿಲ್ಲ. ನಾನು ಬಯಸಿದ್ದು ಇಷ್ಟೇ: ಗುರಿ ಅಭ್ಯಾಸದಲ್ಲಿ ಆ ಗಾಜಿನ ಅಂಚು ಹುಬ್ಬಿಗೆ ಹೊಡೆಯಲಿ, ನಾಲ್ಕು ಜನ ನಗಲಿ. ಅದೂ ಆಗಲಿಲ್ಲ. ನೂರು ಹೆಜ್ಜೆ ದೂರದ ಹಲಗೆಯ ಮೇಲೆ ಮೂರು ಗುಂಡುಗಳನ್ನು ಒಂದು ಮುಷ್ಟಿಯಲ್ಲಿ ಮುಚ್ಚಬಹುದಾದಷ್ಟು ಹತ್ತಿರ ಕೂರಿಸಿದ. ಶಿಬಿರದವರು ಶಿಳ್ಳೆ ಹೊಡೆದರು. "ಭಾವನ ಕೈಗುಣ!" ಎಂದು ನನ್ನ ಬೆನ್ನು ತಟ್ಟಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೇಟೆಯ ದಿನ ಬೆಳಿಗ್ಗೆ ಪೆನ್ರೋಸ್ ಆ ಬಂದೂಕನ್ನು ನೋಡಿ ಹುಬ್ಬೇರಿಸಿದ. ಅವನು ನಮ್ಮ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಾನೆ.

"ಏನೋ ಇದು? ನಕ್ಷತ್ರ ನೋಡೋಕೆ ಹೊರಟಿದ್ದೀಯಾ? ಯಾರು ಆರಿಸಿದ್ದು?"

ನಾನು ಬೂದಿಯ ಚೀಲ ಕೊಡವಿ ಗಾಳಿ ನೋಡತೊಡಗಿದೆ.

"ನಾನೇ," ಎಂದ ತವೆಂಗ್ವಾ.

"ಸರಿ. ಆರಿಸೋದೂ ಪರೀಕ್ಷೆಯ ಭಾಗವೇ. ನಡಿ."

ಹತ್ತು ಗಂಟೆಯ ಹೊತ್ತಿಗೆ ಒಂಟಿ ಕೋಣ ಸಿಕ್ಕಿತು, ಮೊಪಾನೆ ಮರಗಳ ಆಚೆ ಎಂಬತ್ತು ಹೆಜ್ಜೆ ದೂರದಲ್ಲಿ. ತವೆಂಗ್ವಾ ಹೊಡೆದ. ಗುಂಡು ತಾಗಿತು, ಆದರೆ ಒಂದು ಗೇಣು ಹಿಂದಕ್ಕೆ. ಕೋಣ ಮುಳ್ಳುಪೊದೆಯೊಳಗೆ ನುಗ್ಗಿತು. ಗಾಯಗೊಂಡ ಕಾಡೆಮ್ಮೆಯನ್ನು ಬಿಟ್ಟು ಬರುವಂತಿಲ್ಲ. ನಾಳೆ ನೀರಿಗೆ ಬರುವ ಹೆಂಗಸರನ್ನು ಅದು ಬಿಡುವುದಿಲ್ಲ.

ಪೊದೆಯೊಳಗೆ ಮೊದಲು ಹೋಗಬೇಕಾದವನು ನಾನು. ಕೈಯಲ್ಲಿ ಒಂದು ಕೋಲು, ಕಣ್ಣು ನೆಲದ ರಕ್ತದ ಮೇಲೆ. ನನ್ನ ಹಿಂದೆ ಅವನ ಬಂದೂಕು, ಅವನ ಹಿಂದೆ ಪೆನ್ರೋಸ್. ಬಗ್ಗಿ ಎರಡು ಹೆಜ್ಜೆ ಇಟ್ಟಿದ್ದೇನೆ, ಆಗ ಹೊಳೆಯಿತು. ನನ್ನ ಜೀವ ಇರುವುದು ಆ ದುರ್ಬೀನಿನಲ್ಲಿ. ನಿಲ್ಲಿಸಿ ಎಂದು ಹೇಳಬಹುದಿತ್ತು. ಹೇಳಿದರೆ ಏಕೆ ಎಂದು ಕೇಳುತ್ತಾರಲ್ಲ! ಹೇಳಲಿಲ್ಲ, ನಡೆದೆ.

ಕೋಣ ಬಲಗಡೆಯಿಂದ ಬಂತು. ನಾನು ನೆಲಕ್ಕೆ ಬಿದ್ದೆ. ಮೇಲೆ ತವೆಂಗ್ವಾನ ದನಿ ಕೇಳಿತು: "ಕಾಣ್ತಿಲ್ಲ! ಬರೀ ಕಪ್ಪು!" ಆಮೇಲೆ ಅವನು ದುರ್ಬೀನಿನಿಂದ ಕಣ್ಣು ತೆಗೆದು ನಳಿಗೆಯ ಪಕ್ಕದಿಂದಲೇ ಅಂದಾಜಿಗೆ ಹೊಡೆದ. ಕೋಣ ಮುಗ್ಗರಿಸಿತು. ಪೆನ್ರೋಸನ ಗುಂಡು ಅದನ್ನು ಕೆಡವಿತು. ಅದರ ಬಾಯಿಯ ನೊರೆ ನನ್ನ ತೋಳಿನ ಮೇಲೆ ಬಿತ್ತು.

ಎದ್ದು ನೋಡಿದರೆ, ಬಂದೂಕು ಒದ್ದಾಗ ದುರ್ಬೀನಿನ ಅಂಚು ಬಡಿದು ತವೆಂಗ್ವಾನ ಹುಬ್ಬು ಸೀಳಿ ರಕ್ತ ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳದೆ ನನ್ನ ಮೈಯೆಲ್ಲ ತಡವಿ, "ಭಾವ, ಏನೂ ಆಗಿಲ್ಲ ತಾನೇ? ಭಾವ?" ಎಂದು ಕೇಳುತ್ತಲೇ ಇದ್ದ.

ಪೆನ್ರೋಸ್ ಸಹಿ ಹಾಕಲಿಲ್ಲ. "ಹೊಡೆದ ಗುಂಡಿಗೆ ಅಲ್ಲ, ಆರಿಸಿದ ದುರ್ಬೀನಿಗೆ. ನಿನ್ನ ಹೆಜ್ಜೆಗಾರನ ಹೆಣ ಹೊರಬೇಕಾಗ್ತಿತ್ತು ಇವತ್ತು. ಮುಂದಿನ ವರ್ಷ ಬಾ," ಎಂದ. ತವೆಂಗ್ವಾ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಬಾಯಿ ಮಾತ್ರ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಅಮ್ಮನ ಮನೆಗೆ ಬಂದ. ನಮ್ಮಿಬ್ಬರನ್ನು ಬಿಟ್ಟರೆ ಅಂಗಳದಲ್ಲಿ ಯಾರೂ ಇರಲಿಲ್ಲ.

"ಚಿಕ್ಕದೇ ಸರಿ ಅಂತ ನಿಂಗೆ ಗೊತ್ತಿತ್ತಲ್ಲ?" ಎಂದೆ.

"ಗೊತ್ತಿತ್ತು ಭಾವ."

"ಮತ್ಯಾಕೋ ದೊಡ್ಡದು ಹಾಕ್ದೆ? ಪದ್ಧತಿ ಅಂತಾನಾ?"

"ಪದ್ಧತೀನೂ ಹೌದು. ಅತ್ತೆ ಎದುರಿಗೆ ನಿಮ್ಮಾತು ತೆಗೆದುಹಾಕೋಕಾಗುತ್ತಾ?" ಅವನು ಹುಬ್ಬಿನ ಪಟ್ಟಿ ಸರಿಮಾಡಿಕೊಂಡ. "ಆದ್ರೆ ಆ ರಾತ್ರಿ ಯೋಚ್ನೆ ಮಾಡ್ದೆ. ಮುಂದೆ ನಡೆಯೋರು ನೀವು. ಕೋಣ ಬಂದ್ರೆ ಮೊದ್ಲು ನಿಮ್ಮ ಮೇಲೇ ಬರೋದು. ತನ್ನ ಬೆನ್ನ ಹಿಂದಿರೋ ಬಂದೂಕಿಗೆ ಯಾರಾದ್ರೂ ಬೇಕಂತ ಕೆಟ್ಟದ್ದು ಆರಿಸ್ತಾರಾ? ನಂಗೇ ತಿಳೀತಿಲ್ಲ, ನಿಮ್ಗೆ ಇನ್ನೇನೋ ಗೊತ್ತಿರ್ಬೇಕು ಅಂದ್ಕೊಂಡೆ."

ನಾನು ಅಲ್ಲಿಂದ ಎದ್ದು ನೇರ ಪೆನ್ರೋಸನ ಬಳಿ ಹೋಗಿ ಎಲ್ಲ ಹೇಳಿದೆ, ಹೊಟ್ಟೆಕಿಚ್ಚು ಎಂಬ ಮಾತನ್ನೂ ಬಿಡದೆ. "ಆದ್ರೂ ಒಂದು ವರ್ಷ ಕಾಯ್ಲಿ. ಬೇಟೆಗಾರ ಆದೋನು ಭಾವನಿಗೂ ಇಲ್ಲ ಅನ್ನೋದು ಕಲೀಬೇಕು," ಎಂದ.

ಮರುವರ್ಷ ಚಿಕ್ಕ ದುರ್ಬೀನಿನಲ್ಲಿ ತವೆಂಗ್ವಾ ಲೈಸೆನ್ಸು ಪಡೆದ. ನಾನು ಒಪ್ಪಿಕೊಂಡದ್ದನ್ನು ಪೆನ್ರೋಸ್ ಅವನಿಗೆ ಮೊದಲೇ ತಿಳಿಸಿದ್ದ. ಆದರೂ ಆ ಬೇಟೆಗೆ ಯಾವ ಹೆಜ್ಜೆಗಾರ ಬೇಕು ಎಂದು ಕೇಳಿದಾಗ ಅವನು ನನ್ನ ಹೆಸರನ್ನೇ ಹೇಳಿದನಂತೆ. ಲೈಸೆನ್ಸಿನ ಉರಿ ನನ್ನಲ್ಲಿ ಯಾವಾಗಲೋ ಆರಿಹೋಯಿತು. ಅವನು ನನ್ನ ಹೆಸರು ಹೇಳಿದನಲ್ಲ, ಆ ಉರಿ ಇನ್ನೂ ಆರಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ನನ್ನ ಹೆಸರು ಹೇಳುತ್ತಿರಲಿಲ್ಲ.