ಅವ್ವನಿಗೆ ತೊಡಿಸಿದ ಬಂಗಾರ

ನಮ್ಮ ಕಡೆ ಸತ್ತ ಮೇಲೆ ಮೈಮೇಲೆ ಬಂಗಾರ ಬರುತ್ತದೆ. ಬದುಕಿದ್ದಾಗ ಗಾಜಿನ ಬಳೆ ಬಿಟ್ಟು ಏನೂ ಕಾಣದ ಮುದುಕಿಯೂ ಪಡಸಾಲೆಯ ಗೋಡೆ ಏರುವಾಗ ಪಾಟ್ಲಿ, ಬೋರಮಾಳ ಸರ, ಮುತ್ತಿನ ನತ್ತು ಎಲ್ಲ ತೊಟ್ಟು, ಒಂದಿಷ್ಟು ಬೆಳ್ಳಗೂ ಆಗಿ ಏರುತ್ತಾಳೆ. ಮಕ್ಕಳು ಚಿತ್ರ ಬರೆಯುವವನಿಗೆ ಹಾಗೇ ಹೇಳಿ ಬರೆಸುತ್ತಾರೆ. ನಾನೂ ಬರೆಸಿದೆ.

ಅಪ್ಪ ಬೇಗ ಹೋದ. ಅವ್ವ ಲಕ್ಷ್ಮೇಶ್ವರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಯ ಮೇಲೇ ನಾನು ಓದಿದ್ದು, ಗದಗಿಗೆ ಬಂದು ಬಟ್ಟೆ ಅಂಗಡಿ ಇಟ್ಟದ್ದು. ಅಂಗಡಿ ಕುದುರಿದ ಮೇಲೆ ಮಾತ್ರ, ಕೇಳಿದವರಿಗೆಲ್ಲ ಶಿರಹಟ್ಟಿ ಕಡೆ ನಮ್ಮದು ದೊಡ್ಡ ಹೊಲಮನೆ ಇತ್ತು ಎನ್ನತೊಡಗಿದೆ. ಯಾರೂ ಪಹಣಿ ಕೇಳಲಿಲ್ಲ.

ಅವ್ವ ತೀರಿಕೊಂಡ ವರ್ಷವೇ ಮಗಳಿಗೆ ಮುಂಡರಗಿಯ ದೊಡ್ಡ ಮನೆತನದ ಸಂಬಂಧ ಕೂಡಿಬಂತು. ಬೀಗರು ಮನೆ ನೋಡಲು ಬರುವಷ್ಟರಲ್ಲಿ ಅವ್ವನ ಚಿತ್ರ ಗೋಡೆಯ ಮೇಲಿರಬೇಕಿತ್ತು. ಬೆಟಗೇರಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಒಬ್ಬನಿದ್ದ, ಒಂಟಿ ಜೀವ. ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಅದೇ ಖಾನಾವಳಿಯಲ್ಲಿ ಉಂಡವನು. ಅವ್ವ ಅವನ ತಾಟಿಗೆ ಒಂದು ಬಿಸಿ ರೊಟ್ಟಿ ಹೆಚ್ಚಿಗೇ ಹಾಕುತ್ತಿದ್ದಳಂತೆ.

"ಫೋಟೊ ಬ್ಯಾಡ್ರಿ ಸಾವಕಾರ್ರ, ಅವ್ವ ನನ್ನ ಕಣ್ಣಾಗ ಅದಾಳ," ಎಂದ.

ಹದಿನೈದು ದಿನಕ್ಕೆ ತಂದ. ಒಲೆಯ ಮುಂದೆ ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ರಟ್ಟೆಯ ಬಳಿ ಕುಪ್ಪಸ ಹರಿದಿದೆ, ಕೈಗೆ ಹಿಟ್ಟು ಮೆತ್ತಿದೆ, ಹೆಂಚಿನ ಕಾವಿಗೆ ಮುಖ ಕೆಂಪೇರಿದೆ. ರೊಟ್ಟಿ ಬಡಿಯುತ್ತಲೇ ತಲೆ ಎತ್ತಿ "ಉಂಡ್ಯೇನೋ?" ಎಂದು ಕೇಳುವ ಹಾಗಿದ್ದಳು. ಒಂದು ಗಳಿಗೆ "ಉಂಡೆನವ್ವಾ" ಎನ್ನಲು ಬಾಯಿ ತೆರೆದೆ. ಮರುಗಳಿಗೆ ಬೀಗರು ನೆನಪಾದರು.

"ಇದನ್ನ ಗ್ವಾಡಿಗೆ ಹಾಕಿದ್ರ ನನ್ನ ಮರ್ಯಾದಿ ಉಳಿತೈತೇನಪಾ? ಕುರ್ಚಿ ಮ್ಯಾಲ ಕುಂಡ್ರಸು. ಪಾಟ್ಲಿ ಹಾಕು, ಸರ ಹಾಕು. ಒಂದೀಟು ಬೆಳ್ಳಗ ಮಾಡು."

"ಆಕಿ ಹಂಗ ಇರಲಿಲ್ಲಲ್ರಿ."

"ಹೇಳಿದಷ್ಟು ಮಾಡು."

ಬೇರೆ ಚಿತ್ರ ಬರೆದುಕೊಟ್ಟ. ಮೊದಲಿನದನ್ನು ಹಳೇ ಧೋತರದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಬೀಗರು ಬಂದರು, ಬಂಗಾರದ ಅವ್ವನಿಗೆ ಕೈ ಮುಗಿದರು, ಮದುವೆಯೂ ಆಯಿತು.

ಪೇಂಟರ್ ಹೋದ ವರ್ಷ ತೀರಿಕೊಂಡ. ಮಣ್ಣಿಗೂ ನಾನು ಹೋಗಲಿಲ್ಲ, ಅಂಗಡಿಯಲ್ಲಿ ಮದುವೆ ಸೀಸನ್ ಇತ್ತು. ಅವನ ಬಾಡಿಗೆ ಖೋಲಿ ಖಾಲಿ ಮಾಡಿಸುವಾಗ ಮಂಚದ ಕೆಳಗೆ ಚಿತ್ರಗಳ ಗಂಟೇ ಸಿಕ್ಕಿತಂತೆ. ಚಿತ್ರಕಲೆ ಕಲಿಸುವವರು ಯಾರೋ ನೋಡಿ ಬೆರಗಾದರು. ಪತ್ರಿಕೆಗಳಲ್ಲಿ ಬಂತು. ಗದಗಿನಲ್ಲೇ ಪ್ರದರ್ಶನ ಇಟ್ಟರು. ಬದುಕಿದ್ದಾಗ ಅವನನ್ನು ಚಹಾಕ್ಕೂ ಕರೆಯದ ನಾನು "ಅಂವ ನಮ್ಮ ಮನಿ ಮನಶ್ಯಾ" ಎಂದು ಊರೆಲ್ಲ ಸಾರಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬೀಗರನ್ನೂ ಕರೆದುಕೊಂಡು ಹೋದೆ.

ಎದುರು ಗೋಡೆಯ ಮೇಲೆ ಅವ್ವ ಇದ್ದಳು. ಹರಿದ ಕುಪ್ಪಸದವಳು.

ಜನ ಅವಳ ಮುಂದೆಯೇ ಗುಂಪುಗೂಡಿದ್ದರು. ಬೀಗರು ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ, "ಎಂಥಾ ಕಳಾ ಐತ್ರಿ ಈಕಿ ಮುಖದಾಗ," ಎಂದರು. ನಮ್ಮ ಪಡಸಾಲೆಯಲ್ಲಿ ಅವಳಿಗೆ ಎಷ್ಟೋ ಸಲ ಕೈ ಮುಗಿದವರಿಗೆ ಗುರುತೇ ಹತ್ತಲಿಲ್ಲ. ಅಷ್ಟರಲ್ಲಿ ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನನ್ನ ಬಳಿ ಬಂದಳು.

"ಪೇಂಟರ್ ನಿಮಗ ಭಾಳ ಬೇಕಾದವರಂತಲ್ರಿ. ಈ ಅವ್ವಾರು ಯಾರಂತ ಗೊತ್ತೇನ್ರಿ?"

ಬೀಗರು ನನ್ನ ಕಡೆ ತಿರುಗಿದರು.

"ಗೊತ್ತಿಲ್ಲವಾ. ಯಾರೋ ರೊಟ್ಟಿ ಬಡಿಯಾಕಿ ಇರಬೇಕು," ಎಂದೆ.

ಹಾಗೆಂದ ನಾಲಿಗೆ ಬಿದ್ದುಹೋಗಲಿಲ್ಲ. ಹೊರಗೆ ಬಂದು ಬೀಗರ ಜೊತೆ ಗಿರ್ಮಿಟ್ ತಿಂದೆ, ಅದೂ ಗಂಟಲಲ್ಲಿ ಇಳಿಯಿತು. ನಾಚಿಕೆ ಬಂದದ್ದು ಮನೆಗೆ ಬಂದು ಅಂಗಿ ಬಿಚ್ಚುವಾಗ. ಬಂದದ್ದು ಇನ್ನೂ ಹೋಗಿಲ್ಲ. ಅವಳ ರೊಟ್ಟಿಗೆ ನಾಚಿದ್ದೆನಲ್ಲ, ಆ ನಾಚಿಕೆಗೇ ಈಗ ತಲೆ ಎತ್ತಲಾಗುತ್ತಿಲ್ಲ.

ಆ ಚಿತ್ರಗಳದ್ದೊಂದು ಪುಸ್ತಕ ಬಂದಿದೆ. ಮುಖಪುಟಕ್ಕೆ ಅವ್ವನನ್ನೇ ಹಾಕಿದ್ದಾರೆ. ಒಳಗೆ, "ರೊಟ್ಟಿ ಬಡಿಯುವ ಹೆಂಗಸು. ಯಾರೆಂದು ತಿಳಿದಿಲ್ಲ. ಬಲ್ಲವರು ತಿಳಿಸಬೇಕು" ಎಂದು ಅಚ್ಚಾಗಿದೆ, ಕೆಳಗೆ ಫೋನ್ ನಂಬರ್ ಕೊಟ್ಟಿದ್ದಾರೆ. ನಂಬರ್ ನನಗೆ ಬಾಯಿಪಾಠವಾಗಿದೆ. ಪುಸ್ತಕವನ್ನು ಅಂಗಡಿಯಲ್ಲಿ ಸೀರೆಗಳ ಅಡಿಗೆ ಬಚ್ಚಿಟ್ಟು, ಗಿರಾಕಿ ಇಲ್ಲದಾಗ ತೆಗೆದು ನೋಡುತ್ತೇನೆ. ಅವ್ವ ತಲೆ ಎತ್ತಿ "ಉಂಡ್ಯೇನೋ?" ಎಂದು ಕೇಳುತ್ತಾಳೆ. ಫೋನ್ ಇನ್ನೂ ಮಾಡಿಲ್ಲ.