ಮುಂಡಾಸಿನ ಗೆರೆ

ನಾನು ಪವಾಡಗಳನ್ನು ನಂಬುವ ಪೈಕಿಯಲ್ಲ. ಜೀವಮಾನವೆಲ್ಲ ಪೂಜೆ ಮಾಡಿದವನ ಬಾಯಲ್ಲಿ ಇಂಥ ಮಾತೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ದಿನವಿಡೀ ಒಲೆಯ ಮುಂದಿರುವ ಅಡುಗೆಯವನಿಗೆ ಹಸಿವು ಕಡಿಮೆಯಾದಂತೆ, ಗುಡಿಯಲ್ಲೇ ಬೆಳೆದ ನಮಗೆ ಅಚ್ಚರಿ ಕಡಿಮೆ. ದೇವರು ನನ್ನನ್ನೇ ನೋಡಿ ಕಣ್ಣು ಹೊಳೆಸಿದ ಎಂದು ಯಾರಾದರೂ ಕೈಮುಗಿದರೆ, ಆ ಬೆಳ್ಳಿಯ ಕಣ್ಣನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದು ನಾನೇ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಆದರೆ ಒಂದು ಸಂಜೆಯ ಸಂಗತಿ ಮಾತ್ರ ಇಷ್ಟು ವರ್ಷವಾದರೂ ನನ್ನ ಬುದ್ಧಿಗೆ ಸಿಕ್ಕಿಲ್ಲ.

ಆಗ ನಾನು ಕಳಸದ ಹತ್ತಿರ ಶಾಮಭಟ್ಟರೆಂಬ ಹಿರಿಯ ಅರ್ಚಕರ ಮನೆಯಲ್ಲಿದ್ದು ಪೂಜಾವಿಧಿ ಕಲಿಯುತ್ತಿದ್ದೆ. ಮಹಾರಾಜರ ಕಾಲ, ಸುತ್ತಲಿನ ಕಾಫಿ ಎಸ್ಟೇಟುಗಳಲ್ಲಿ ಬಿಳಿ ದೊರೆಗಳು ಇನ್ನೂ ಕುದುರೆಯ ಮೇಲೆ ಓಡಾಡುತ್ತಿದ್ದರು. ಹೊರನಾಡಿನ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರಾಗಿದ್ದ ನಮ್ಮಪ್ಪ ತೀರಿಕೊಂಡಿದ್ದರು. ಅವರ ಜಾಗಕ್ಕೆ ನಾನು ಬರಬೇಕಾದರೆ ಮಂತ್ರ ಬಂದರಷ್ಟೇ ಸಾಲದು. ನಮ್ಮ ಕಡೆ ಉತ್ಸವದ ಬಲಿಯ ದಿನ, ಅಂದರೆ ಗುಡಿಯ ಸುತ್ತ ಅನ್ನದ ಬಲಿ ಹಾಕುವ ದಿನ, ಅರ್ಚಕನೇ ಮುಂಡಾಸು ಸುತ್ತಿ, ದೇವರ ಮೂರ್ತಿಯನ್ನು ಪ್ರಭಾವಳಿ ಸಮೇತ ತಲೆಯ ಮೇಲೆ ಹೊತ್ತು, ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಗುಡಿಯ ಸುತ್ತ ಬರಬೇಕು. ನಾನೋ ಹಂಚಿಕಡ್ಡಿಯಂಥ ಮೈಯವನು. ದೇವಸ್ಥಾನದ ಆಡಳಿತ ನೋಡುತ್ತಿದ್ದ ಮೊಕ್ತೇಸರರು ಅಮ್ಮನಿಗೆ ನೇರವಾಗಿಯೇ ಹೇಳಿದ್ದರು: "ಈ ಸಲ ನಿಮ್ಮ ಮಗ ಹೊತ್ರೆ ಪೂಜೆ ಅವನದ್ದೇ. ಆಗ್ದಿದ್ರೆ ಘಟ್ಟದ ಕೆಳಗಿಂದ ಯಾರನ್ನಾದ್ರೂ ಕರೆಸ್ಬೇಕಾಗ್ತದೆ ಅಮ್ಮ, ಬೇಜಾರ್ ಮಾಡ್ಬೇಡಿ." ನಾವಿದ್ದ ಮನೆ ದೇವಸ್ಥಾನದ್ದು. ಪೂಜೆ ಹೋದರೆ ಮನೆಯೂ ಹೋದಂತೆ.

ಹಾಗಾಗಿ ನಾನು ಮಂತ್ರಕ್ಕಿಂತ ಮೈಯ ಕಡೆಗೇ ಹೆಚ್ಚು ನಿಗಾ ಕೊಟ್ಟೆ. ಮಂಜು ಕರಗುವ ಮೊದಲೇ ಭಟ್ಟರ ಅಂಗಳದಲ್ಲಿ ಸೂರ್ಯನಮಸ್ಕಾರ, ದಂಡ, ಬಸ್ಕಿ. ಆಮೇಲೆ ತಲೆಗೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಒರಳಿನ ಗುಂಡುಕಲ್ಲು ಹೊತ್ತು ಅಂಗಳ ಸುತ್ತುವುದು. ಜಪಕ್ಕೆ ಕೂತರೆ ಮಾತ್ರ ತೂಕಡಿಕೆ. ಭಟ್ಟರು ಯೌವನದಲ್ಲಿ ದೇವರು ಹೊರುವುದರಲ್ಲಿ ಎತ್ತಿದ ಕೈ; ಈಗ ಮಂಡಿನೋವಿನಿಂದ ಜಗಲಿಯಲ್ಲೇ ಕೂತು ನನ್ನನ್ನು ನೋಡುತ್ತಿದ್ದರು. "ಕುತ್ತಿಗೆ ಗಟ್ಟಿಯಾದ್ರೆ ಸಾಲ್ದು ಮಾಣಿ," ಎನ್ನುತ್ತಿದ್ದರು. "ಎತ್ತಿನ ಕುತ್ತಿಗೆ ನಿನಗಿಂತ ಗಟ್ಟಿ ಇರ್ತದೆ. ಅದ್ರ ತಲೆ ಮೇಲೆ ದೇವ್ರನ್ನ ಇಡ್ತಾರಾ? ಜಪ ಮಾಡು ಮಾರಾಯ." ನಾನು ಹೂಂಗುಟ್ಟಿ ಮತ್ತೆ ದಂಡ ಹೊಡೆಯುತ್ತಿದ್ದೆ.

ಬಲಿಗೆಂದು ನಮ್ಮೂರಿಗೆ ಬರುವಾಗ ಭಟ್ಟರೂ ನನ್ನ ಜೊತೆ ಬಂದರು. ಬಲಿಯ ದಿನ ಹೊರುವವನು ಉಪವಾಸವಿರಬೇಕು. ನಾನೊಬ್ಬ ಹೆಡ್ಡ, ಅಂದೊಂದು ದಿನ ಬಿಟ್ಟರೆ ಮೈ ಸಡಿಲವಾದೀತೆಂದು ಹೆದರಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಎಂದಿಗಿಂತ ಹೆಚ್ಚು ನಮಸ್ಕಾರ ಹಾಕಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಡೆಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಯಾರಿಗೂ ಹೇಳುವಂತಿಲ್ಲ. ಇಬ್ಬರು ಸೇರಿ ಮೂರ್ತಿಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟರು. ಮೊದಲ ಸುತ್ತು ಹೇಗೋ ಆಯಿತು. ಆಮೇಲೆ ಚೆಂಡೆಯ ಗತಿ ಏರಿತು. ಮತ್ತೆ ಮಂಟಪದ ಮುಂದೆ ಬರುವಾಗ ಬಲಮಂಡಿ ಕುಸಿಯತೊಡಗಿತು. ದೇವರು ಬಿದ್ದರೆ ಊರಿಗೇ ಕೇಡು. ಅಮ್ಮ ಪಾತ್ರೆಪಗಡಿ ಕಟ್ಟಿಕೊಂಡು ಹೊರಡಬೇಕು. ಮಂಟಪದ ಕಂಬಕ್ಕೆ ಬೆನ್ನು ಒರಗಿಸಿ ಕೂತಿದ್ದ ಭಟ್ಟರು ಮಸುಕಾಗಿ ಕಂಡರು. ಅವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು.

ಅಷ್ಟರಲ್ಲಿ ತಲೆಯ ಮೇಲಿನ ಭಾರ ಹೋಯಿತು. ಯಾರೋ ಎತ್ತಿಕೊಂಡ ಹಾಗೆ. ಮೂರ್ತಿ ಬಿದ್ದೇಹೋಯಿತೆಂದುಕೊಂಡೆ. ಕೈ ಎತ್ತಿ ಮುಟ್ಟಿದೆ, ಇತ್ತು. ತಣ್ಣನೆಯ ಲೋಹ ಬೆರಳಿಗೆ ತಾಗುತ್ತಿತ್ತು, ಆದರೆ ತಲೆಯ ಮೇಲೆ ಏನೂ ಇದ್ದಂತಿರಲಿಲ್ಲ. ಉಳಿದ ಸುತ್ತುಗಳನ್ನು ಬರೀ ಮುಂಡಾಸು ಸುತ್ತಿಕೊಂಡವನ ಹಾಗೆ ಹೆಜ್ಜೆ ಹಾಕಿ ಮುಗಿಸಿದೆ. ಆ ನಿರಾಳವನ್ನು ಹೇಗೆ ಹೇಳಲಿ? ಅಳು, ನಗು ಎರಡೂ ಒಟ್ಟಿಗೇ ಬರುತ್ತಿದ್ದವು. ಮೂರ್ತಿಯನ್ನು ಇಳಿಸಿಕೊಂಡವರು ಮಾತ್ರ "ಅಬ್ಬ, ಎಂಥ ಭಾರ ಮಾರಾಯ್ರೆ" ಎಂದು ಏದುಸಿರು ಬಿಟ್ಟರು. ಮೊಕ್ತೇಸರರು ಅಮ್ಮನ ಕಡೆ ನೋಡಿ ತಲೆಯಾಡಿಸಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೇವರು ಹೊತ್ತವರ ಹಣೆಯಲ್ಲಿ ಮುಂಡಾಸಿನ ಅಂಚು ಒತ್ತಿ ಕೆಂಪು ಗೆರೆ ಮೂಡುತ್ತದೆ. ಅಪ್ಪನಿಗೆ ಅಮ್ಮ ಅದರ ಮೇಲೆ ಬಿಸಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಅವತ್ತೂ ಬಟ್ಟಲು ಹಿಡಿದು ಬಂದು, ದೀಪ ಹತ್ತಿರ ತಂದು ನನ್ನ ಹಣೆ ನೋಡಿದಳು. "ಗೆರೆಯೇ ಬಿದ್ದಿಲ್ವಲ್ಲೋ," ಎಂದಳು. ಎಣ್ಣೆ ಹಾಗೆಯೇ ಉಳಿಯಿತು.

ಭಟ್ಟರು ನಮ್ಮಲ್ಲೇ ಉಳಿದಿದ್ದರು. ಬೆಳಗ್ಗೆ ಜಗಲಿಗೆ ಹೋದರೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕರೆದಾಗ ಕುತ್ತಿಗೆ ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸಿದರು. ಅವರ ಹಣೆಯ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ ಇತ್ತು.

"ಇದೇನಾಯ್ತು ಗುರುಗಳೇ?"

"ನಿನ್ನೆ ಕಂಬಕ್ಕೆ ಒರಗಿ ಕೂತಿದ್ದೆ ಅಲ್ವ, ಒತ್ತಿರ್ಬೇಕು," ಎಂದರು.

ಕಂಬ ಇದ್ದದ್ದು ಅವರ ಬೆನ್ನ ಹಿಂದೆ. ಅಮ್ಮನ ಎಣ್ಣೆಬಟ್ಟಲು ತಂದು ಹಚ್ಚತೊಡಗಿದೆ. ಅವರು ಕಣ್ಣು ಮುಚ್ಚಿ ಹಚ್ಚಿಸಿಕೊಂಡರು. "ಇನ್ನಾದ್ರೂ ಜಪ ಸರಿಯಾಗಿ ಮಾಡು ಮಾಣಿ," ಎಂದರು. "ನಂಗೂ ವಯಸ್ಸಾಯ್ತು."

ದಣಿವು ಮಿತಿಮೀರಿದರೆ ಭಾರವೇ ಗೊತ್ತಾಗುವುದಿಲ್ಲ ಎಂದು ಮೂಡಿಗೆರೆಯ ಒಬ್ಬ ಡಾಕ್ಟರು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ಇರಬಹುದು. ಹಾಗಾದರೆ ಭಟ್ಟರ ಹಣೆಯ ಗೆರೆ ಎಲ್ಲಿಯದು ಎಂದು ಕೇಳಿದೆ. ಡಾಕ್ಟರು ಒಳಗೆ ಕೂಗಿ ಕಾಫಿ ತರಿಸಿದರು.

ಜಪವನ್ನಂತೂ ಅಂದಿನಿಂದ ತಪ್ಪಿಸಿಲ್ಲ. ಆಮೇಲೆ ಎಷ್ಟೋ ವರ್ಷ ದೇವರು ಹೊತ್ತೆ, ಪ್ರತಿ ಸಲವೂ ಮಣಭಾರವೇ. ಇಳಿಸಿದ ಕೂಡಲೇ ಮೊದಲು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗೆರೆ ಬೆರಳಿಗೆ ಸಿಕ್ಕಿದರೆ, ಸದ್ಯ, ಈ ಸಲ ನಾನೇ ಹೊತ್ತೆ ಎಂದು ಸಮಾಧಾನವಾಗುತ್ತಿತ್ತು.